ಅಜ್ಜಿ ದಿಬ್ಬದ ಗಂಟೆ

ಇನ್ವರ್‌ಫ್ಯಾರಿ
೧೨ ಮಾರ್ಚ್ ೧೯೨೮

ಪ್ರೀತಿಯ ನಿನಿಯನ್,

ಅಂತೂ ನಿನ್ನ ಆಳುಗಳು ಅಜ್ಜಿ ದಿಬ್ಬವನ್ನು ಸೀಳಿ ಮುಗಿಸಿದರು. ಕುದುರೆ, ಗುದ್ದಲಿ, ಬೈಗುಳ, ಮತ್ತೆ ಕುದುರೆ. ಊರಿನವರೆಲ್ಲ ಬೇಲಿಗೆ ಮೊಣಕೈ ಊರಿ ನೋಡಿದ್ದೇ ನೋಡಿದ್ದು. ಪಕ್ಕದ ಮನೆಯ ಬೆತಿಯಾ ಕೌವೀ ನನ್ನ ಕಿವಿಗೆ ಬೀಳುವಂತೆಯೇ ಅಂದಳು: "ರಟ್ರೇ ಮನೆ ಹುಡುಗ ಗಾಲ್ಫ್ ಕಪ್ ಗೆದ್ದಿದ್ದು ಸಾಲ್ದು ಅಂತ ಈಗ ದೇವರು ಮಾಡಿಟ್ಟಿದ್ದನ್ನೂ ತಿದ್ದೋಕೆ ಹೊರಟವ್ನೆ." ನಾನು ನಕ್ಕೆ. ಶಾಲೆಯ ಟೀಚರಮ್ಮ ಬೀದಿಯಲ್ಲಿ ಜಗಳವಾಡುವಂತಿಲ್ಲವಲ್ಲ.

ನಿಜ ಹೇಳುತ್ತೇನೆ, ನನಗೆ ಚೆನ್ನಾಗಿ ಕಂಡಿತು. ಹುಟ್ಟಿದಾಗಿನಿಂದ ನಮ್ಮ ಅಡುಗೆಮನೆ ಕಿಟಕಿಗೆ ಆ ಮರಳು ದಿಬ್ಬದ ಬೆನ್ನೊಂದೇ ಕಾಣುತ್ತಿತ್ತು. ಸಮುದ್ರದ ಸದ್ದು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಈಗ ಪಾತ್ರೆ ತೊಳೆಯುತ್ತಾ ತಲೆ ಎತ್ತಿದರೆ ಸೀಳಿನ ಆಚೆ ನಿನ್ನ ಗಾಲ್ಫ್ ಮೈದಾನದ ಆರನೇ ಗುಳಿಯ ಹಸಿರು, ಅದರಾಚೆ ನೀರು. ಹಡಗು ಹೋದರೂ ಕಾಣುತ್ತದೆ.

ದಿಬ್ಬದ ಮೇಲಿದ್ದ ಗಂಟೆಯನ್ನು ನಿನ್ನ ಮೇಸ್ತ್ರಿ ಗೆಡ್ಡೆಸ್ ನಮ್ಮ ಮನೆಗೆ ತಂದುಕೊಟ್ಟ. "ಇನ್ನು ಇದಕ್ಕೇನು ಕೆಲಸ ಇದೆಯಮ್ಮ? ಎಲ್ಲ ಕಣ್ಣಿಗೇ ಕಾಣುತ್ತಲ್ಲ" ಅಂದ. ಪಾಪ, ಎಷ್ಟು ವರ್ಷ ಆ ಗಂಟೆ ಕೆಲಸ ಮಾಡಿತು! ಮುಂದೆ ಹೋದವರು ಗುಳಿ ಮುಗಿಸಿ ಪಕ್ಕಕ್ಕೆ ಸರಿದು ಗಂಟೆ ಬಾರಿಸುವುದು, ಆಮೇಲೆ ಈಚೆ ಕಡೆಯವರು ಏನೂ ಕಾಣದೆಯೇ ದಿಬ್ಬದ ಮೇಲಿಂದ ಚೆಂಡು ಹಾರಿಸುವುದು. ಅಪ್ಪನ ಕಾಲದಿಂದ ಅದೇ ಪದ್ಧತಿ. ಅಮ್ಮ ಗಂಟೆಯನ್ನು ಒರೆಸಿ ಉಪ್ಪಿನ ಜಾಡಿಯ ಪಕ್ಕ ಇಟ್ಟುಕೊಂಡಿದ್ದಾಳೆ.

ಅಮ್ಮ ಮಾತ್ರ ನಿನ್ನ ಸಮುದ್ರವನ್ನು ನೋಡುತ್ತಿಲ್ಲ. ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ತಿರುಗಿಸಿಕೊಂಡಳು. "ಯಾಕಮ್ಮ?" ಅಂದರೆ, "ಪರದೆ ಎಳಿ. ಅದು ನಮ್ಮನ್ನ ನೋಡ್ತಾ ಇದೆ" ಅಂದಳು. ವಯಸ್ಸಾಯಿತು, ಏನೇನೋ ಹೇಳುತ್ತಾಳೆ.

ನಿನ್ನ ಅಕ್ಕ,
ಎಫೀ

*

ಲಂಡನ್
೨ ಏಪ್ರಿಲ್ ೧೯೨೮

ಪ್ರೀತಿಯ ಎಫೀ,

ನಿನ್ನ ಪತ್ರವನ್ನು ಇಲ್ಲಿನ ಕ್ಲಬ್ಬಿನಲ್ಲಿ ಓದಿ ಹೇಳಿದೆ. "ದೇವರು ಮಾಡಿಟ್ಟಿದ್ದನ್ನು ತಿದ್ದೋಕೆ ಹೊರಟವ್ನೆ" ಎಂಬ ಮಾತಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೆತಿಯಾಗೆ ನನ್ನ ನಮಸ್ಕಾರ ತಿಳಿಸು. ಅವಳಷ್ಟು ಚೆನ್ನಾಗಿ ಯಾವ ಪತ್ರಿಕೆಯೂ ನನ್ನನ್ನು ವಿಮರ್ಶೆ ಮಾಡಿಲ್ಲ.

ಕಾಣದ ಹೊಡೆತದ ಕಾಲ ಮುಗಿಯಿತು ಎಫೀ. ಮನುಷ್ಯನಿಗೆ ತಾನು ಎಲ್ಲಿಗೆ ಹೊಡೆಯುತ್ತಿದ್ದೇನೆಂದು ಕಾಣಬೇಕು. ಆಚೆ ನಿಂತವನಿಗೂ ಏನು ಬರುತ್ತಿದೆ ಎಂದು ಕಾಣಬೇಕು. ನಾನು ಇಷ್ಟು ಮೈದಾನ ಕಟ್ಟಿದ್ದೇನೆ, ಎಲ್ಲವೂ ಬೇರೆಯವರ ಊರಿನವು. ಇದೊಂದು ನನ್ನದು. ಆರನೇ ಗುಳಿಗೆ ಚೆಂಡು ಹೊಡೆಯುವ ಕಟ್ಟೆಯ ಮೇಲೆ ನಿಂತು ಆ ಸೀಳಿನೊಳಗೆ ಕಡಲು ನೋಡಿದವನು ನನ್ನ ಹೆಸರು ಮರೆಯಲಾರ. ಅಕ್ಟೋಬರ್ ಇಪ್ಪತ್ತಕ್ಕೆ ಉದ್ಘಾಟನೆಯ ಪಂದ್ಯ, ಮೊದಲ ಹೊಡೆತ ನನ್ನದೇ ಆಗಬೇಕೆಂದು ಸಮಿತಿಯ ಅಧ್ಯಕ್ಷ ಪೆಟ್ರೀ ಬರೆದಿದ್ದಾರೆ.

ಅಮ್ಮನಿಗೆ ಹೇಳು, ಸಮುದ್ರ ಅವಳನ್ನು ನೋಡಿದರೆ ಅದು ಸಮುದ್ರದ ಪುಣ್ಯ.

ನಿನ್ನ,
ನಿನಿಯನ್

*

ಇನ್ವರ್‌ಫ್ಯಾರಿ
೩೦ ಮೇ ೧೯೨೮

ಪ್ರೀತಿಯ ನಿನಿಯನ್,

ಬೆಣ್ಣೆಯಲ್ಲಿ ಮರಳು ಸಿಗುತ್ತಿದೆ. ತಮಾಷೆಗೆ ಹೇಳುತ್ತಿಲ್ಲ. ಬೆಳಗಿನ ಗಂಜಿ ಬಾಯಿಗಿಟ್ಟರೆ ಹಲ್ಲಿನಡಿ ಕರಕರ. ಕಿಟಕಿಯ ಅಂಚನ್ನು ಒರೆಸಿ ಶಾಲೆಗೆ ಹೋದರೆ ಬರುವಷ್ಟರಲ್ಲಿ ಮತ್ತೆ ಬೆರಳಲ್ಲಿ ಹೆಸರು ಬರೆಯುವಷ್ಟು ಕೂತಿರುತ್ತದೆ. ಸೀಳಿನ ಎರಡೂ ಕಡೆ ನಿನ್ನ ಆಳುಗಳು ಹುಲ್ಲು ಕಿತ್ತ ಜಾಗ ಹಾಗೇ ಬೆತ್ತಲೆ ಬಿದ್ದಿದೆ. ಈಶಾನ್ಯದ ಗಾಳಿ ಎದ್ದರೆ ಅಲ್ಲಿಂದ ಸಣ್ಣಗೆ ಹೊಗೆಯಂತೆ ಏಳುತ್ತದೆ.

ಮೊನ್ನೆ ಭಾನುವಾರ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಅಮ್ಮ ಬಾಯಿ ಬಿಟ್ಟಳು. ಅವಳ ಅಜ್ಜನಿಗೆ ಕೊಲ್ಲಿಯ ಆಚೆ ದಂಡೆಯಲ್ಲಿ ಜಮೀನಿತ್ತಂತೆ, ನಿನಗೆ ಗೊತ್ತಿತ್ತೇ? ನಲವತ್ತು ವರ್ಷದಲ್ಲಿ ನನಗೆ ಒಂದು ಸಲವೂ ಹೇಳಿಲ್ಲ. ಚಾವಣಿಗೆ ಹೊದಿಸಲೆಂದು ಊರವರು ದಿಬ್ಬದ ಹುಲ್ಲನ್ನು ಕಿತ್ತರಂತೆ. ಸುಗ್ಗಿ ಮುಗಿದ ಕಾಲ, ಗಾಳಿ ಎದ್ದು ಮರಳು ನುಗ್ಗಿತಂತೆ. ಉಳುವವನು ನೇಗಿಲನ್ನು ಸಾಲಿನಲ್ಲೇ ಬಿಟ್ಟು ಓಡಿದನಂತೆ. ಎರಡು ದಿನ ಬಿಟ್ಟು ಬಂದು ನೋಡಿದರೆ ಹೊಲವೂ ಇಲ್ಲ, ನೇಗಿಲೂ ಇಲ್ಲ, ಸೇಬಿನ ಮರಗಳ ತುದಿಗಳು ಮಾತ್ರ ಪೊದೆಗಳಂತೆ ಮರಳಿನ ಮೇಲೆ ಕಂಡವಂತೆ. ಅಮ್ಮ ಆಗ ಮಗು. ಆ ಮರದ ತುದಿಯಿಂದ ಅವಳೇ ಒಂದು ಸೇಬು ಕಿತ್ತಳಂತೆ, ಬಗ್ಗಿ, ನೆಲದಿಂದ ಹೂ ಕಿತ್ತ ಹಾಗೆ.

"ಮರಳನ್ನ ಹಿಡಿದಿಡೋದು ಆ ಹುಲ್ಲೇ. ಅದಕ್ಕೇ ಕಣೆ ಈ ಊರಲ್ಲಿ ಯಾರೂ ಹುಲ್ಲು ಮುಟ್ಟಲ್ಲ. ನಿಮ್ಮಪ್ಪ ಚೆಂಡು ಕಳಕೊಂಡ್ರೂ ಹುಲ್ಲು ಬಗೀತಿರ್ಲಿಲ್ಲ, ಹೋಗ್ಲಿ ಅಂತ ಬಿಡ್ತಿದ್ರು" ಅಂದಳು.

ನಾನು ದಿಗಿಲು ಬೀಳುವ ಜಾತಿಯವಳಲ್ಲ. ಆದರೆ ಆ ಸೇಬಿನ ಮಾತು ತಲೆಯಿಂದ ಹೋಗುತ್ತಿಲ್ಲ. ಸೀಳನ್ನು ಮುಚ್ಚಿಸುವುದಕ್ಕೆ ಆಗುವುದೇ? ಕೇಳಿ ನೋಡು.

ನಿನ್ನ,
ಎಫೀ

*

ಲ್ಯಾಂಕಶೈರ್ ಕರಾವಳಿ
೨೦ ಜೂನ್ ೧೯೨೮

ಪ್ರೀತಿಯ ಎಫೀ,

ಅವಸರದಲ್ಲಿ ಬರೆಯುತ್ತಿದ್ದೇನೆ. ಚಾಂಪಿಯನ್‌ಶಿಪ್ಪಿನಲ್ಲಿ ಸೆಮಿಫೈನಲ್ ತನಕ ಹೋದೆ. ಈ ವಯಸ್ಸಿಗೆ ಕೆಟ್ಟದ್ದೇನಲ್ಲ. "ವಾರವಿಡೀ ಒಂದೇ ಒಂದು ಸಲವೂ ಮೈದಾನದ ಮರಳುಗುಂಡಿಗೆ ಬೀಳದ ಆಟಗಾರ" ಎಂದು ಪತ್ರಿಕೆಯವರು ಹೊತ್ತು ಮೆರೆಸಿದ್ದಾರೆ, ತುಣುಕು ಇದರ ಜೊತೆಗಿದೆ. ಇನ್ನು ಐರ್ಲೆಂಡಿಗೆ ಹೋಗಬೇಕು, ಅಲ್ಲೊಬ್ಬ ಜಮೀನುದಾರನಿಗೆ ಹೊಸ ಮೈದಾನ ಬೇಕಂತೆ.

ಅಮ್ಮನಿಗೆ ದಪ್ಪ ಬಟ್ಟೆಯ ಪರದೆ ಕಳಿಸಿದ್ದೇನೆ. ಬಣ್ಣ ಹಿಡಿಸುತ್ತದೆಂದು ನಂಬಿದ್ದೇನೆ.

ನಿನ್ನ,
ನಿನಿಯನ್

*

ಇನ್ವರ್‌ಫ್ಯಾರಿ
೮ ಆಗಸ್ಟ್ ೧೯೨೮

ನಿನಿಯನ್,

ಪರದೆ! ನಾನು ಮರಳು ಅಂತ ಬರೆದರೆ ನೀನು ಪರದೆ ಕಳಿಸುತ್ತೀಯ. ಇಡೀ ಪತ್ರದಲ್ಲಿ ಆ ವಿಷಯವೇ ಇಲ್ಲ. ಓದಿದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದೆ.

ಹಿತ್ತಲಿನ ಗೂಸ್‌ಬೆರಿ ಪೊದೆಗಳು ಹೋದವು. ಬೇಲಿಯ ಕೆಳಗಿನ ಅಡ್ಡಪಟ್ಟಿ ಹೋಯಿತು. ಬಾಗಿಲನ್ನು ಒಳಕ್ಕೆ ತೆಗೆಯುವಂತೆ ಮಾಡಿಸಿದ್ದು ಅಪ್ಪನ ಬುದ್ಧಿವಂತಿಕೆ, ಹೊರಕ್ಕೆ ತೆಗೆಯುವ ಬಾಗಿಲಾಗಿದ್ದರೆ ನಾವು ಇಷ್ಟು ಹೊತ್ತಿಗೆ ಕಿಟಕಿಯಿಂದ ಓಡಾಡಬೇಕಿತ್ತು. ಅಮ್ಮ ಗೋಣಿ ತೋಯಿಸಿ ಬಾಗಿಲಡಿ ತುರುಕುತ್ತಾಳೆ, ಒಣಗುತ್ತಲೇ ಮತ್ತೆ ತೋಯಿಸುತ್ತಾಳೆ. ಬೆತಿಯಾ ತನ್ನ ಮನೆಗೆ ಕರೆದಳು, ಪಾದ್ರಿಗಳು ಕರೆದರು. ಅಮ್ಮ ಜಪ್ಪಯ್ಯ ಅನ್ನಲಿಲ್ಲ. "ನಾವು ಬಿಟ್ಟು ಹೋದ್ರೆ ಅದಕ್ಕೆ ಬಾ ಅಂತ ಕರೆದ ಹಾಗೆ" ಅನ್ನುತ್ತಾಳೆ.

ನಿನಗೆ ಸಂಕೋಚವಾಗುತ್ತದೆಂದು ನಾನೇ ಪೆಟ್ರೀ ಹತ್ತಿರ ಹೋದೆ. ಒಳ್ಳೆಯ ಮನುಷ್ಯರು, ಚಹಾ ಕೊಟ್ಟರು. "ಮಿಸ್ ರಟ್ರೇ, ಆ ಸೀಳು ತೆಗೆದಿದ್ದು ಯಾರು? ನಿಮ್ಮ ತಮ್ಮ. ಅದರ ಕೆಳಗೆ ಇರೋ ಮನೆ ಯಾರದು? ಅವರ ತಾಯಿಯದು. ಅವರಿಗೇ ಇಲ್ಲದ ಭಯ ನಮಗ್ಯಾಕೆ ಹೇಳಿ? ಅವರು ಮುಚ್ಚಿ ಅಂತ ಒಂದು ಸಾಲು ಬರೀಲಿ, ನಾಳೆನೇ ಮುಚ್ಚಿಸ್ತೀನಿ" ಅಂದರು.

ಒಂದು ಸಾಲು. ನೀನು ಬರೆಯಬೇಕಾದದ್ದು ಅಷ್ಟೇ. ಸೆಪ್ಟೆಂಬರ್ ಕೊನೆಗೆ ದೊಡ್ಡ ಗಾಳಿ ಬರುತ್ತದೆ, ನಿನಗೆ ನಾನು ಹೇಳಿಕೊಡಬೇಕಾಗಿಲ್ಲ.

ನನಗೆ ಭಯವಾಗುತ್ತಿದೆ ನಿನಿಯನ್. ಗಾಳಿಯಿಲ್ಲದ ದಿನ ಹೆಚ್ಚು ಭಯವಾಗುತ್ತದೆ. ಆಗ ಮನೆಯ ಗೋಡೆಗೆ ಏನೋ ಒರಗಿಕೊಂಡು ಸುಮ್ಮನೆ ನಿಂತಿದೆ ಅನ್ನಿಸುತ್ತದೆ.

ಎಫೀ

*

ಡಬ್ಲಿನ್
೧ ಸೆಪ್ಟೆಂಬರ್ ೧೯೨೮

ಎಫೀ,

ನಿನ್ನ ಪತ್ರಗಳನ್ನು ಓದಿದ್ದೇನೆ. ಆ ಪದ ಬಂದ ಕೂಡಲೇ ಕಾಗದ ಮಡಿಸಿಟ್ಟು ಹೊರಗೆ ಹೋಗಿ ಅಡ್ಡಾಡಿ ಬಂದು ಮುಂದಿನ ಸಾಲು ಓದಿದ್ದೇನೆ. ಹಾಗಾಗಿ ಬಹಳ ಹೊತ್ತು ಹಿಡಿಯಿತು.

ಯುದ್ಧದಲ್ಲಿ ನನಗೆ ಭುಜಕ್ಕೆ ಪೆಟ್ಟಾಯಿತೆಂದು ನಿಮಗೆ ಗೊತ್ತು. ಅದಕ್ಕೆ ಮುಂಚೆ ಏನಾಯಿತೆಂದು ನಾನು ಯಾರಿಗೂ ಹೇಳಿಲ್ಲ. ಫಿರಂಗಿಯ ಗುಂಡು ಏರಿನ ಆಚೆಯಿಂದ ಬಂತು. ಹೊಡೆದವನಿಗೆ ನಾನು ಕಾಣಲಿಲ್ಲ, ನನಗೆ ಅವನು ಕಾಣಲಿಲ್ಲ. ಕಂದಕದ ಗೋಡೆ ನನ್ನ ಮೇಲೆ ಕುಸಿಯಿತು. ಒಂದು ಕೈ ಮಾತ್ರ ಹೊರಗಿತ್ತು. ಆ ಕೈಯನ್ನು ಯಾರಾದರೂ ಹಿಡಿಯುತ್ತಾರೆಂದು ಕಾದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಬಾಯಿ ತುಂಬ ಮಣ್ಣು. ಹಿಡಿದು ಎಳೆದವನ ಮುಖವನ್ನೂ ನಾನು ನೋಡಲಿಲ್ಲ.

ಮರಳುಗುಂಡಿಗೆ ಬೀಳದ ಆಟಗಾರ! ಎಫೀ, ನನಗೆ ಅದರೊಳಗೆ ಇಳಿಯಲು ಆಗುವುದಿಲ್ಲ. ಕಾಲು ಹೂತರೆ ಬೆವರು ಕಿತ್ತು ಬರುತ್ತದೆ. ಅದಕ್ಕೇ ನಾನು ಬೀಳದ ಹಾಗೆ ಆಡಲು ಕಲಿತೆ. ಬೇರೆಯವರಿಗೆ ಮಾತ್ರ ಆಳ ಆಳದ ಗುಂಡಿ ತೋಡಿಸಿ ಹೆಸರು ಮಾಡಿದ್ದೇನೆ, ನಗು ಬರುವುದಿಲ್ಲವೇ? ಅಜ್ಜಿ ದಿಬ್ಬದ ಈಚೆ ನಿಂತರೂ ನನಗೆ ಅದೇ ಗತಿ. ಏರಿನ ಆಚೆ ಏನಿದೆಯೋ ಕಾಣದಿದ್ದರೆ ಕೋಲು ಬೀಸಲು ಆಗುವುದಿಲ್ಲ. ಸೀಳು ತೆಗೆಸಿದ್ದು ಕಲೆಗಾಗಿ ಎಂದು ಎಲ್ಲರಿಗೂ ಹೇಳಿದೆ, ನಿನಗೂ ಹೇಳಿದೆ. ಹೆದರಿಕೆಗೆ ತೆಗೆಸಿದೆ.

ಉದ್ಘಾಟನೆಯ ದಿನ ಆ ಜನರೆದುರು ಕಾಣದ ಹೊಡೆತಕ್ಕೆ ನಿಲ್ಲುವುದು ನನ್ನಿಂದ ಆಗದು. ಪಂದ್ಯ ಮುಗಿಯಲಿ. ಮಾರನೇ ದಿನವೇ ಮುಚ್ಚಿಸುತ್ತೇನೆ, ಅಪ್ಪನ ಆಣೆ. ಅಕ್ಟೋಬರ್ ತನಕ ಮಾತ್ರ. ಅಮ್ಮನನ್ನು ಹೇಗಾದರೂ ಒಪ್ಪಿಸಿ ಬೆತಿಯಾ ಮನೆಗೆ ಕರೆದುಕೊಂಡು ಹೋಗು.

ನಿನಿಯನ್

*

ಶಾಲೆಯ ಮಾಳಿಗೆ, ಇನ್ವರ್‌ಫ್ಯಾರಿ
೨೯ ಸೆಪ್ಟೆಂಬರ್ ೧೯೨೮

ನಿನಿಯನ್,

ಮೊದಲು ಇದನ್ನು ಹೇಳಿಬಿಡುತ್ತೇನೆ: ಅಮ್ಮ ಬದುಕಿದ್ದಾಳೆ. ಮನೆ ಇಲ್ಲ.

ಬುಧವಾರ ಮಧ್ಯಾಹ್ನ, ಮಕ್ಕಳು ಬುತ್ತಿ ಬಿಚ್ಚುವ ಹೊತ್ತಿಗೆ, ಶಾಲೆಯ ಕಿಟಕಿಗಳು ಹಳದಿಯಾದವು. ಆಮೇಲೆ ಕಂದು. ಮಕ್ಕಳನ್ನು ಅವರವರ ತಾಯಂದಿರು ಬಂದು ಶಾಲಿನಲ್ಲಿ ಸುತ್ತಿ ಕರೆದುಕೊಂಡು ಹೋದರು. ನಾನು ಮನೆಗೆ ಓಡಿದೆ. ಕಣ್ಣು ಮುಚ್ಚಿದರೂ ನಡೆಯಬಲ್ಲ ದಾರಿ ಅಲ್ಲವೇ ಅಂದುಕೊಂಡೆ. ಕಣ್ಣು ಮುಚ್ಚಿಯೇ ನಡೆಯಬೇಕಾಯಿತು. ತೆರೆದರೆ ಸೂಜಿ ಚುಚ್ಚಿದಂತಾಗುತ್ತಿತ್ತು. ಶಾಲು ಬಾಯಿಗೆ ಕಟ್ಟಿಕೊಂಡು ಕೈ ಮುಂದೆ ಚಾಚಿ ಬೇಲಿ ತಡಕಿದೆ. ಬೇಲಿ ಇರಲಿಲ್ಲ. ಗೇಟು ಇರಲಿಲ್ಲ. ಕಾಲಡಿಯ ನೆಲ ಏರುತ್ತಾ ಹೋಯಿತು. ನಮ್ಮ ಹಿತ್ತಲಿನಲ್ಲಿ ಏರು ಎಲ್ಲಿಯದು? ಎಡಕ್ಕೆ ಹೋದೆ, ಬಲಕ್ಕೆ ಹೋದೆ, ತಿರುಗಿದೆ. ಎತ್ತ ತಿರುಗಿದೆನೋ ತಿಳಿಯಲಿಲ್ಲ. ಕೂಗಿದರೆ ಬಾಯಿಗೆ ತುಂಬಿತು. ಅಲ್ಲೇ ಕುಸಿದೆ. ಸ್ವಂತ ಮನೆಯ ಅಂಗಳದಲ್ಲಿ ಸಾಯುತ್ತೇನೆ ಅನ್ನುವುದು ಎಂಥ ನಾಚಿಕೆಗೇಡು ಎಂದು ಅನ್ನಿಸಿತು. ನನ್ನ ಕೈ ಒಂದನ್ನು ಮೇಲೆ ಎತ್ತಿ ಹಿಡಿದೆ. ನಿನ್ನ ಪತ್ರ ನೆನಪಾಗಿತ್ತು.

ಆಗ ಗಂಟೆ ಕೇಳಿತು.

ಅಜ್ಜಿ ದಿಬ್ಬದ ಗಂಟೆ. ಅದರ ಸದ್ದು ನನಗೆ ಗೊತ್ತಿಲ್ಲವೇ? ಗಾಳಿ ಬಂದಾಗ ಮುಳುಗುತ್ತಿತ್ತು, ಮತ್ತೆ ಏಳುತ್ತಿತ್ತು. ಏಳುವ ತನಕ ಕಾಯುವುದು, ಎದ್ದ ಕಡೆಗೆ ಅಂಬೆಗಾಲಿಡುವುದು. ಸದ್ದು ತಲೆಯ ಪಕ್ಕದಲ್ಲೇ ಬಂದಾಗ ಕೈಗೆ ಹೆಂಚು ಸಿಕ್ಕಿತು. ಅಮ್ಮ ಮಾಡಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಎರಡೂ ಕೈಯಲ್ಲಿ ಗಂಟೆ ಹಿಡಿದು ಅಲುಗಿಸುತ್ತಿದ್ದಳು. ಅವಳ ಮುಖದಲ್ಲಿ ಕಣ್ಣಿನ ಜಾಗ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಗಾಳಿ ಇಳಿದ ಮೇಲೆ ಬೆತಿಯಾಳ ಗಂಡ ಮತ್ತು ಇತರರು ಹಗ್ಗ ತಂದು ಅವಳನ್ನು ಅದೇ ಕಿಟಕಿಯಿಂದ ಎತ್ತಿದರು. ಆಗ ಗೊತ್ತಾಯಿತು, ನಾನು ಕುಸಿದು ಕೂತಿದ್ದದ್ದು ನಮ್ಮ ಕೋಳಿಗೂಡಿನ ಮೇಲೆ. ಕೋಳಿಗಳು ಒಳಗೇ ಇದ್ದವು.

ರೈಲು ನಿಲ್ದಾಣದ ದಾರಿಯೂ ಮುಚ್ಚಿದೆ. ಹಾಯ್ದು ಬರಬೇಕಾದರೆ ಕಾಲು ಮಂಡಿಯ ತನಕ ಹೂತುಹೋಗುತ್ತದೆ. ಇನ್ನೊಂದು ಗಾಳಿ ಎದ್ದರೆ ಮುಂದಿನದು ಬೆತಿಯಾಳ ಮನೆ, ಆಮೇಲೆ ಶಾಲೆ. ಸೀಳು ಇನ್ನೂ ತೆರೆದೇ ಇದೆ.

ಎಫೀ

*

ಲಂಡನ್
೫ ಅಕ್ಟೋಬರ್ ೧೯೨೮

ಎಫೀ,

ಪೆಟ್ರೀಗೆ ಆ ಒಂದು ಸಾಲು ಬರೆದೆ. ಉತ್ತರ ಬಂತು. ಆಹ್ವಾನ ಪತ್ರಗಳು ಹೋಗಿವೆ, ಪತ್ರಿಕೆಯವರು ಸೀಳಿನ ಚಿತ್ರ ಹಾಕಿದ್ದಾರೆ, ಅದನ್ನು ನೋಡಲೆಂದೇ ಜನ ಬರುತ್ತಾರೆ, ಈಗ ಮುಚ್ಚಿದರೆ ಹೇಗೆ? ಪಂದ್ಯ ಆಗಲಿ, ಚಳಿಗಾಲದಲ್ಲಿ ನೋಡೋಣ ಎಂದಿದ್ದಾರೆ. ನನ್ನದೇ ಮಾತನ್ನು ನನಗೇ ಹೇಳಿದ್ದಾರೆ. ನಾನು ಮೊದಲ ಹೊಡೆತಕ್ಕೆ ಬರುವುದಿಲ್ಲ ಎಂದೆ. ಬೇರೆ ಯಾರನ್ನಾದರೂ ಕರೆಸುತ್ತೇವೆ ಎಂದರು.

ಬರುತ್ತೇನೆ ಎಂದು ನಿನಗೆ ಬರೆಯಲು ಕೂರುತ್ತೇನೆ, ಹರಿದು ಹಾಕುತ್ತೇನೆ. ನಿಲ್ದಾಣದ ದಾರಿಯ ಬಗ್ಗೆ ನೀನು ಬರೆದದ್ದು ಕಣ್ಣ ಮುಂದೆ ನಿಲ್ಲುತ್ತದೆ. ನಾನು ಹೇಡಿ, ಎಫೀ. ಅಮ್ಮ ಹೇಗಿದ್ದಾಳೆ? ನನ್ನ ಬಗ್ಗೆ ಏನಾದರೂ ಅಂದಳೇ? ಬೈದಿದ್ದರೆ ಬೈದ ಮಾತನ್ನೇ ಬರೆ.

ನಿನಿಯನ್

*

ಶಾಲೆಯ ಮಾಳಿಗೆ
೧೧ ಅಕ್ಟೋಬರ್ ೧೯೨೮

ನಿನಿಯನ್,

ಅಮ್ಮ ಬೈಯಲಿಲ್ಲ. ಬೈಯಲು ಅವಳಿಗೆ ದನಿಯೇ ಇಲ್ಲ, ಗಂಟಲು ಕೆಟ್ಟು ಪಿಸುಮಾತು ಮಾತ್ರ ಬರುತ್ತದೆ. ಓಟ್ಸ್ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಟ್ಟರೆ ಎರಡು ತುತ್ತು ತಿನ್ನುತ್ತಾಳೆ.

ನಾನು ನಿನಗೆ ಬರೆಯದೆ ಇಟ್ಟುಕೊಂಡಿದ್ದ ಸಂಗತಿ ಬೇರೆ. ಗಂಟೆಯನ್ನು ಅವಳು ಕೈಬಿಟ್ಟಿಲ್ಲ. ಮಾಳಿಗೆಯ ಕಿಟಕಿಯ ಬಳಿ ಕೂರುತ್ತಾಳೆ, ಗಾಳಿ ಸ್ವಲ್ಪ ಅಲುಗಿದರೂ ಸಾಕು, ಬಾರಿಸತೊಡಗುತ್ತಾಳೆ. ಕೆಳಗೆ ನಾನು ಪಾಠ ಹೇಳುತ್ತಿರುತ್ತೇನೆ, ಮೇಲಿನಿಂದ ಗಂಟೆ. ಮಕ್ಕಳು ಮೊದಮೊದಲು ನಕ್ಕರು, ಈಗ ಮುಖ ಬಿಳಿಚಿಕೊಂಡು ಒಬ್ಬರ ಪಕ್ಕ ಒಬ್ಬರು ಸರಿಯುತ್ತಾರೆ. ಓಡಿಹೋಗಿ ಅವಳ ಕೈ ಹಿಡಿದು, "ಅಮ್ಮ, ನಾನು ಬಂದಿದೀನಿ. ಇಲ್ಲೇ ಇದೀನಿ ನೋಡು" ಎಂದು ಎಷ್ಟು ಸಲ ಹೇಳಿದೆನೋ. ನನ್ನ ಕೈ ಸವರುತ್ತಾಳೆ, ತಲೆಯಾಡಿಸುತ್ತಾಳೆ, ಮತ್ತೆ ಬಾರಿಸುತ್ತಾಳೆ. ಬುದ್ಧಿ ಮರಳಲ್ಲೇ ಉಳಿದುಹೋಯಿತು ಎಂದುಕೊಂಡೆ. ನನಗೆ ಅವಳ ಹತ್ತಿರ ಒಬ್ಬಳೇ ಇರಲು ಹೆದರಿಕೆಯಾಗತೊಡಗಿತು. ಹೆತ್ತ ತಾಯಿಗೆ ಹೆದರಿದೆ, ಬರೆಯಲು ಕೈ ಬರುವುದಿಲ್ಲ.

ಇವತ್ತು ಬೆಳಿಗ್ಗೆ ತಡೆಯಲಾಗಲಿಲ್ಲ. ಗಂಟೆಯನ್ನು ಕಿತ್ತುಕೊಂಡು ಅಳುತ್ತಾ ಕೂಗಿಬಿಟ್ಟೆ: "ಸಾಕು ಮಾಡಮ್ಮ! ನಾನು ಮನೆಗೆ ಬಂದಾಯ್ತು, ಇನ್ನೂ ಯಾರನ್ನ ಕರೀತೀಯ?"

ಅವಳು ನನ್ನನ್ನು ನೋಡಿದ ರೀತಿ! ಚಿಕ್ಕಂದಿನಲ್ಲಿ ಮಗ್ಗಿ ತಪ್ಪಿದಾಗ ನೋಡುತ್ತಿದ್ದಳಲ್ಲ, ಹಾಗೆ. ಹತ್ತಿರಕ್ಕೆ ಎಳೆದುಕೊಂಡು ಕಿವಿಯಲ್ಲಿ ಪಿಸುಗುಟ್ಟಿದಳು:

"ನೀನು ಬಂದಿದ್ದು ನಂಗೆ ಗೊತ್ತಿಲ್ವೇನೆ, ಪೆದ್ದಿ? ಅವನು ಇನ್ನೂ ಹೊರಗಿದಾನೆ."

ನಾನು ಅವಳಿಗೆ ನಿನ್ನ ಪತ್ರ ಓದಿ ಹೇಳಿರಲಿಲ್ಲ ನಿನಿಯನ್. ಕಂದಕದ ವಿಷಯ ಒಂದಕ್ಷರ ಹೇಳಿರಲಿಲ್ಲ. ಯುದ್ಧದಿಂದ ನೀನು ಬಂದ ದಿನವೇ ಅವಳಿಗೆ ಗೊತ್ತಾಗಿರಬೇಕು.

ಗಂಟೆಯನ್ನು ವಾಪಸು ಕೊಟ್ಟೆ.

ಎಫೀ

*

ಲಂಡನ್
೧೩ ಅಕ್ಟೋಬರ್ ೧೯೨೮

ಎಫೀ,

ಇದನ್ನು ಹರಿಯುವುದಕ್ಕೆ ಮುಂಚೆ ಅಂಚೆಗೆ ಹಾಕುತ್ತೇನೆ.

ಗೆಡ್ಡೆಸ್‌ಗೆ ತಂತಿ ಕೊಟ್ಟಿದ್ದೇನೆ. ಬೆಸ್ತರ ಮನೆಗಳಲ್ಲಿರುವ ಹಳೆಯ ಬಲೆಗಳು, ಗೂಟಗಳು, ಗಾಡಿಗಟ್ಟಲೆ ಕಡಲ ಪಾಚಿ, ಎಲ್ಲವನ್ನೂ ಸೀಳಿನ ಬಾಯಿಗೆ ತರಿಸಿಡಲು ಹೇಳಿದ್ದೇನೆ. ಬೆತಿಯಾಗೆ ಹೇಳಿ ಊರಿನ ಹೆಂಗಸರನ್ನು ಸೇರಿಸು, ಹುಲ್ಲು ನೆಡುವ ಕೈಗಳು ಬೇಕು. ಮೊದಲ ಗೂಟ ನಾನೇ ಹೊಡೆಯುತ್ತೇನೆ. ಪೆಟ್ರೀ ಅಡ್ಡ ಬಂದರೆ ಬರಲಿ, ಸೀಳಿನ ನಡುವೆ ನಾನು ನಿಂತಿರುತ್ತೇನೆ, ನನ್ನನ್ನು ದಾಟಿ ಚೆಂಡು ಹೊಡೆಯಲಿ. ಅಜ್ಜಿ ದಿಬ್ಬ ಮತ್ತೆ ಕುರುಡಾಗಲಿ. ಅದರ ಜೊತೆ ನನ್ನ ಹೆಸರು ಹೋದರೆ ಹೋಯಿತು.

ಮಂಗಳವಾರ ಮಧ್ಯಾಹ್ನದ ರೈಲಿಗೆ ಇಳಿಯುತ್ತೇನೆ. ನಿಲ್ದಾಣದಿಂದ ಶಾಲೆಯ ತನಕ ಆ ದಾರಿಯನ್ನು ನಡೆದು ಬರಬೇಕು. ಮಧ್ಯದಲ್ಲಿ ನನ್ನ ಕಾಲು ನಿಂತುಬಿಡಬಹುದು. ನಿಂತರೆ ನೀನು ಓಡಿ ಬರಬೇಡ, ಅಮ್ಮನನ್ನು ಒಬ್ಬಳೇ ಬಿಡಬೇಡ.

ಅವಳಿಗೆ ಹೇಳು, ನಾನು ಕಾಣುವ ತನಕ ಬಾರಿಸುತ್ತಲೇ ಇರಲಿ.

ನಿನ್ನ ತಮ್ಮ,
ನಿನಿಯನ್